ಕಸದಿಂದ ಕಸುಬು
ಕೋಲಾರದ ವಿದ್ಯಾರ್ಥಿಗಳ ಮುಂದಿರುವ ಒಂದು ದಾರಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳು ಮಳೆ ಬಿದ್ದಾಗ ಮಾತ್ರ ಹರಿಯುವ ಹೊಳೆಗಳು. ಇದನ್ನರಿತ ಪೂರ್ವಿಕರು ಸಾವಿರಾರು ಕೆರೆಗಳನ್ನು ಕಟ್ಟಿದರು. ಕೆರೆಗಳಲ್ಲಿ ಹೂಳು ತುಂಬಿದಂತೆ ಜನರು ಕೊಳವೆ ಬಾವಿಗಳನ್ನು ನಂಬತೊಡಗಿದರು. ಅವುಗಳ ಆಳವು ಅನೇಕ ಕಡೆ ಸಾವಿರ ಅಡಿಗಳನ್ನು ಮೀರಿತು. ಅಂತರ್ಜಲವನ್ನು ಮೇಲೆತ್ತುವ ಸಲುವಾಗಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯು 2018ರಲ್ಲಿ ಆರಂಭವಾಯಿತು. ಇಂಥ ನಾಡಿನಲ್ಲಿ ಪದವಿ ಪಡೆದ ತರುಣ ತರುಣಿಯರು ಬೆಂಗಳೂರಿನ ರೈಲನ್ನು ಹತ್ತುವುದು ಸಹಜವೇ. ಆದರೆ ತಮ್ಮ ಊರಿನಲ್ಲಿಯೇ, ನೆಲಜಲಗಳಿಗೆ ಕೇಡಾಗದಂಥ ಉದ್ಯಮವೊಂದನ್ನು ಅವರು ಕಟ್ಟಲಾರರೆ? ಕಟ್ಟಬಲ್ಲರು. ಅದಕ್ಕೆ ಬೇಕಾದ ಕಚ್ಚಾ ಪದಾರ್ಥವು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಕಸವಾಗಿ ಬಿದ್ದಿದೆ.

ಎರಡು ಪಾಠಗಳು

ಮೊದಲು ಹಿಂದಿನ ಎರಡು ಪಾಠಗಳನ್ನು ನೆನೆಯುವುದು ಒಳ್ಳೆಯದು. ಕೋಲಾರದ ಚಿನ್ನದ ಗಣಿಗಳು ನೂರಿಪ್ಪತ್ತು ವರ್ಷಗಳ ಕಾಲ ಜಗತ್ಪ್ರಸಿದ್ಧವಾಗಿದ್ದು, 2001ರಲ್ಲಿ ಮುಚ್ಚಿಹೋದುವು. ಚಿನ್ನವು ಹೋಯಿತು, ಸಯನೈಡ್ ಬಳಸಿ ಚಿನ್ನ ತೆಗೆದ ಪುಡಿಮಣ್ಣಿನ ದಿಬ್ಬಗಳು ಉಳಿದುವು. ಎರಡನೆಯದು ನೀಲಗಿರಿ ಮರ. ಬೇಗನೆ ಬೆಳೆದು ಹಣ ತರುವುದೆಂದು ಮಾಲೂರು ಮೊದಲಾದ ಕಡೆಗಳಲ್ಲಿ ಇದನ್ನು ಹೊಲಹೊಲಗಳಲ್ಲಿ ನೆಟ್ಟರು. ನೋಡಲು ಹಸುರೇ, ಆದರೆ ಆಳಕ್ಕಿಳಿಯುವ ಅದರ ಬೇರುಗಳು ಮಣ್ಣಿನ ತೇವವನ್ನು ಹೀರಿದುವು. ಕಡೆಗೆ 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದುದರಿಂದ ಹಸುರಾಗಿ ಕಾಣುವುದೆಲ್ಲವೂ ಪರಿಸರಸ್ನೇಹಿಯಲ್ಲ. ಎಷ್ಟು ನೀರು ಬೇಕು, ಎಷ್ಟು ಉರುವಲು ಬೇಕು, ಕೊನೆಗೆ ಏನು ಉಳಿಯುತ್ತದೆ ಎಂಬ ಮೂರು ಲೆಕ್ಕಗಳನ್ನು ಹಣದ ಲೆಕ್ಕದೊಡನೆ ಬರೆದಿಟ್ಟಾಗಲೇ ಉದ್ಯಮದ ನಿಜಸ್ವರೂಪವು ತಿಳಿಯುತ್ತದೆ.

ಶ್ರೀನಿವಾಸಪುರದ ಓಟೆ

ಶ್ರೀನಿವಾಸಪುರವು ಮಾವಿನ ಸೀಮೆ. ಗಿಣಿಮೂತಿಯೆಂದೂ ಕರೆಯುವ ತೋತಾಪುರಿ ಹಣ್ಣು ಇಲ್ಲಿಂದ ಆಂಧ್ರಪ್ರದೇಶದ ಚಿತ್ತೂರಿನ ರಸ ತೆಗೆಯುವ ಕಾರ್ಖಾನೆಗಳಿಗೆ ಹೋಗುವುದು ವಾಡಿಕೆ. 2025ರ ಜೂನ್ ತಿಂಗಳಿನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯಗಳ ತೋತಾಪುರಿಗೆ ಪ್ರವೇಶವನ್ನು ತಡೆದಾಗ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿಯಬೇಕಾಯಿತು. ಕೇಂದ್ರ ಸರ್ಕಾರವು ಕ್ವಿಂಟಲಿಗೆ 1,616 ರೂಪಾಯಿಯ ಬೆಂಬಲ ಬೆಲೆಯನ್ನು ಗೊತ್ತುಮಾಡಿ ನೆರವಿಗೆ ಬಂದಿತು. ಬೆಳೆಯುವುದು ಒಂದೆಡೆ, ಸಂಸ್ಕರಿಸುವುದು ಮತ್ತೊಂದೆಡೆ ಎಂದಾದರೆ ಬೆಳೆಗಾರನ ಬಾಳು ಎಷ್ಟು ಅತಂತ್ರವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೊಡ್ಡ ಕಾರ್ಖಾನೆ ವಿದ್ಯಾರ್ಥಿಯ ಕೈಗೆ ನಿಲುಕದು, ನಿಜ. ಆದರೆ ಕಾಯನ್ನು ಹೆಚ್ಚಿ ಒಣಗಿಸಿ ಹುಳಿಪುಡಿ ಮಾಡಲು ಕಾರ್ಖಾನೆಯೇ ಬೇಕಿಲ್ಲ. ಇನ್ನು ರಸ ತೆಗೆದ ಮೇಲೆ ಹಣ್ಣಿನ ತೂಕದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಸಿಪ್ಪೆಯಾಗಿ, ಓಟೆಯಾಗಿ ಉಳಿಯುತ್ತದೆ. ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ವಸ್ತುವುಂಟು; ಜಾಮ್ ಗಟ್ಟಿಯಾಗುವುದು ಇದರಿಂದಲೇ. ಓಟೆಯೊಳಗಿನ ಬೀಜವನ್ನು ಒಣಗಿಸಿದರೆ ಅದರ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕೊಬ್ಬು. ಕೋಕೋ ಬೆಣ್ಣೆಯನ್ನು ಹೋಲುವ ಈ ಕೊಬ್ಬಿಗೆ ಸಾಬೂನು ಮತ್ತು ಅಂಗರಾಗಗಳ ತಯಾರಿಕೆಯಲ್ಲಿ ಬೇಡಿಕೆಯುಂಟು. ಓಟೆಯನ್ನು ರಾಶಿ ಹಾಕಿ ಬಿಟ್ಟರೆ ಬೂಷ್ಟು ಹಿಡಿದು ಕೊಬ್ಬು ಕಮಟಾಗುತ್ತದೆ. ತಡಮಾಡದೆ ಸಂಗ್ರಹಿಸಿ, ಒಣಗಿಸಿ, ಒಡೆದು, ಬೀಜವನ್ನು ಎಣ್ಣೆಯ ಗಿರಣಿಗೆ ಮಾರುವುದೇ ಒಂದು ಕಸುಬಾಗಬಲ್ಲುದು. ಚಿಪ್ಪು ಒಲೆಗೆ ಸೌದೆಯಾಗುತ್ತದೆ.

ಒಂದು ಪೆಟ್ಟಿಗೆ, ಒಂದು ಕಿಲೋ

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ 15 ಕಿಲೋ ಪೆಟ್ಟಿಗೆಗಳ ಲೆಕ್ಕದಲ್ಲಿ ಹರಾಜಾಗುತ್ತದೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿಯೂ ದೊಡ್ಡ ಸಂತೆಯುಂಟು. 2023ರ ಜುಲೈನಲ್ಲಿ ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿಗಳನ್ನು ದಾಟಿತು. ಬೆಲೆ ಬಿದ್ದ ವರ್ಷಗಳಲ್ಲಿ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದದ್ದೂ ಉಂಟು. ಹಾಗೆ ಸುರಿದ ಹಣ್ಣಿನ ವಿಚಾರವನ್ನು ಭೌತಶಾಸ್ತ್ರದ ವಿದ್ಯಾರ್ಥಿ ಹೀಗೆ ಲೆಕ್ಕ ಹಾಕಬಹುದು.

ಟೊಮೆಟೊ ಹಣ್ಣಿನ ತೂಕದಲ್ಲಿ ಶೇಕಡ 94ರಷ್ಟು ನೀರು. ನೂರು ಕಿಲೋ ಹಣ್ಣನ್ನು ಚೆನ್ನಾಗಿ ಒಣಗಿಸಿದರೆ ಉಳಿಯುವುದು ಏಳು ಕಿಲೋವಿಗೂ ಕಡಿಮೆ. ಎಂದರೆ ಪೆಟ್ಟಿಗೆಯೊಂದಕ್ಕೆ ಒಂದು ಕಿಲೋ. ಹೊರಹೋಗುವ 93 ಕಿಲೋ ನೀರನ್ನು ಆವಿಯಾಗಿಸಲು ಬೇಕಾದ ಶಾಖವು ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 62 ಯೂನಿಟ್. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬಿಸಿಲಿನಿಂದ ದಿನಕ್ಕೆ 5 ಯೂನಿಟ್‌ನಷ್ಟು ಶಕ್ತಿ ಬೀಳುತ್ತದೆ. ಸೌರ ಒಣಗೂಡಿನಲ್ಲಿ ಅದರ ಶೇಕಡ 30 ಮಾತ್ರ ಉಪಯೋಗಕ್ಕೆ ಬಂದರೂ, 20 ಚದರ ಮೀಟರಿನ ಗೂಡು ಎರಡು ದಿನಗಳಲ್ಲಿ ಈ ಕೆಲಸವನ್ನು ಮುಗಿಸಬಲ್ಲುದು. ಉರುವಲಿನ ಖರ್ಚೇ ಇಲ್ಲ.

ಆದರೆ ಇದೇ ಲೆಕ್ಕವು ಎಚ್ಚರಿಕೆಯನ್ನೂ ಕೊಡುತ್ತದೆ. ಪೆಟ್ಟಿಗೆಗೆ ನೂರು ರೂಪಾಯಿ ಇದ್ದಾಗ ಒಣಗಿದ ಕಿಲೋವಿನ ಹಣ್ಣಿನ ಖರ್ಚು ನೂರು ರೂಪಾಯಿ. ಎರಡು ಸಾವಿರವಾದರೆ ಖರ್ಚೂ ಎರಡು ಸಾವಿರ. ಆಗ ಟೊಮೆಟೊ ಒಣಗಿಸುವುದು ಮೂರ್ಖತನ. ಅಗ್ಗವಿದ್ದಾಗ ಟೊಮೆಟೊ, ಮಾವಿನ ಕಾಲದಲ್ಲಿ ಮಾವು, ಉಳಿದ ದಿನಗಳಲ್ಲಿ ಕರಿಬೇವು, ನುಗ್ಗೆಸೊಪ್ಪು—ಹೀಗೆ ಗೂಡು ವರ್ಷವಿಡೀ ದುಡಿಯುವಂತೆ ಯೋಜಿಸಬೇಕು.

ಮಾಲೂರಿನ ಮಣ್ಣು

ಮಾಲೂರಿನ ಇಟ್ಟಿಗೆ ಮತ್ತು ಹೆಂಚುಗಳು ಹೆಸರಾದುವು. ಇಟ್ಟಿಗೆ ಬೇಯಲು ಗೂಡಿನಲ್ಲಿ 900 ಡಿಗ್ರಿ ಸೆಂಟಿಗ್ರೇಡಿನಷ್ಟು ಉಷ್ಣತೆ ಬೇಕು. ಅದಕ್ಕೆ ಲಾರಿಗಟ್ಟಲೆ ಸೌದೆ ಬೇಕು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರವಿದ್ಯಾ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಬಳಕೆಗೆ ತಂದರು. ಸಿಮೆಂಟಿನ ತಯಾರಿಕೆಗೂ ಇಂಧನ ಬೇಕೆಂಬುದು ನಿಜ. ಆದರೂ ಒಟ್ಟು ಲೆಕ್ಕದಲ್ಲಿ ಉಳಿತಾಯವೇ ಹೆಚ್ಚು. ಹೂಳೆತ್ತಿದ ಕೆರೆಯ ಮಣ್ಣನ್ನು ಇದಕ್ಕೆ ಬಳಸಬಹುದು. ಆದರೆ ಜೇಡಿ ಹೆಚ್ಚಾದ ಮಣ್ಣು ಒಣಗುವಾಗ ಬಿರಿಯುವುದರಿಂದ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಬೇಕು. ಎಷ್ಟು ಬೆರೆಸಬೇಕೆಂಬುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿ ನೋಡಬಹುದು.

ಆರಂಭ ಹೇಗೆ?

ಸಾಲ ಮಾಡಿ ಯಂತ್ರ ಕೊಳ್ಳುವುದು ಆರಂಭವಲ್ಲ, ಅಳೆಯುವುದೇ ಆರಂಭ. ರಸಾಯನಶಾಸ್ತ್ರದವನೊಬ್ಬ, ಸಸ್ಯಶಾಸ್ತ್ರದವಳೊಬ್ಬಳು, ವಾಣಿಜ್ಯದವನೊಬ್ಬ ಒಂದುಗೂಡಿ ತಮ್ಮ ಊರಿನ ಕಸವನ್ನು ಒಂದು ವರ್ಷ ತೂಗಿ, ಯಾವ ತಿಂಗಳಿನಲ್ಲಿ ಏನು, ಎಷ್ಟು ದೊರೆಯುತ್ತದೆಂದು ಬರೆದಿಡಲಿ. ಆಮೇಲೆ ಹತ್ತು ಕಿಲೋವಿನ ಪ್ರಯೋಗ ಮಾಡಿ, ತಯಾರಾದುದನ್ನು ಕೊಳ್ಳುವವರಿದ್ದಾರೆಯೆ ಎಂದು ವಿಚಾರಿಸಲಿ. 2017ರಿಂದ ಕೋಲಾರದ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವುಂಟು; ಅಲ್ಲಿಯೇ ತೋಟಗಾರಿಕೆ ಕಾಲೇಜೂ ಉಂಟು. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯಲ್ಲಿ ಮಾವಿನ ಕೇಂದ್ರವಿದೆ. ಸಣ್ಣ ಆಹಾರೋದ್ಯಮಗಳಿಗಾಗಿ ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಕೋಲಾರ ಜಿಲ್ಲೆಗೆ ಗೊತ್ತುಮಾಡಿದ ಬೆಳೆ ಟೊಮೆಟೊ ಎಂಬುದನ್ನೂ ಇಲ್ಲಿ ನೆನೆಯಬಹುದು.

ಚಿನ್ನದ ಗಣಿ ಒಮ್ಮೆ ಬರಿದಾದರೆ ಮತ್ತೆ ತುಂಬದು. ಮಾವಿನ ಓಟೆ, ಬಿಸಿಲು, ಕೆರೆಯ ಹೂಳು ಇವು ವರ್ಷವರ್ಷವೂ ಬರತಕ್ಕವು. ಇವನ್ನು ಲೆಕ್ಕವರಿತು ಬಳಸುವ ವಿದ್ಯಾವಂತರು ಊರಿನಲ್ಲಿ ಉಳಿದರೆ, ಆ ಕಸುಬು ಕೋಲಾರದಲ್ಲಿ ಗಣಿಗಿಂತ ದೀರ್ಘಕಾಲ ಬಾಳೀತು.