'ಎಲ್ಡರ್' ಎಂಬ ವಿಶೇಷಣದ ಅರ್ಥ ಮತ್ತು ಪ್ರಯೋಗ

'ಅವನು ನನಗಿಂತ ಹಿರಿಯ' ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ನಮ್ಮ ವಿದ್ಯಾರ್ಥಿಗಳು 'ಎಲ್ಡರ್ ದ್ಯಾನ್ ಮಿ' ಎಂದೋ 'ಎಲ್ಡರ್ ಟು ಮಿ' ಎಂದೋ ಬರೆಯುವುದುಂಟು. ಅಧ್ಯಾಪಕರು ಅದನ್ನು ಹೊಡೆದು 'ಓಲ್ಡರ್' ಎಂದು ತಿದ್ದುತ್ತಾರೆ. ಕಾರಣವನ್ನು ಹೇಳುವವರು ವಿರಳ. ತರಭಾವದ ರೂಪವನ್ನು ತಳೆದ ಶಬ್ದವೊಂದು ಹೋಲಿಕೆಗೆ ಒದಗದೆ ಹೋದುದು ಹೇಗೆ?

ಪ್ರಾಚೀನ ಇಂಗ್ಲಿಷಿನ ಒಂದು ಉಪಭಾಷೆಯಲ್ಲಿ ಮೂಲಶಬ್ದವು 'ಆಲ್ಡ್' ಎಂದಿತ್ತು. ಅದಕ್ಕೆ ಹತ್ತುತ್ತಿದ್ದ ತರಪ್ರತ್ಯಯದಲ್ಲಿ ಹಿಂದೊಮ್ಮೆ ಇಕಾರವಿದ್ದು, ಅದು ಧಾತುವಿನ ಸ್ವರವನ್ನು ಎಕಾರದ ಕಡೆಗೆ ಸೆಳೆಯಿತು. ಇಕಾರವು ಲೋಪವಾದರೂ ಅದರ ಗುರುತು ಉಳಿಯಿತು. 'ಮ್ಯಾನ್' ಎಂಬುದರ ಬಹುವಚನ 'ಮೆನ್' ಆಗುವುದೂ, 'ಲಾಂಗ್' ಎಂಬುದರಿಂದ 'ಲೆಂಗ್ತ್' ಹುಟ್ಟುವುದೂ ಇದೇ ಬಗೆಯ ಸ್ವರವ್ಯತ್ಯಾಸದಿಂದ. ಮುಂದೆ 'ಓಲ್ಡ್' ಎಂಬುದಕ್ಕೇ ನೇರವಾಗಿ ಪ್ರತ್ಯಯ ಹಚ್ಚಿ 'ಓಲ್ಡರ್' ಎಂಬ ಹೊಸ ರೂಪವನ್ನು ಕಟ್ಟಿಕೊಂಡರು. ಒಂದೇ ಕೆಲಸಕ್ಕೆ ಎರಡು ರೂಪಗಳಾದಾಗ ಭಾಷೆಯು ಕೆಲಸವನ್ನು ಹಂಚಿಕೊಟ್ಟಿತು: ವಯಸ್ಸಿನ ಹೋಲಿಕೆ ಹೊಸದರ ಪಾಲಾಯಿತು, ಮನೆತನದೊಳಗಿನ ಸ್ಥಾನ ಹಳೆಯದರ ಪಾಲಿಗೆ ಉಳಿಯಿತು. ಆದುದರಿಂದ 'ಎಲ್ಡರ್ ಬ್ರದರ್' ಎನ್ನುವಲ್ಲಿ ಹೋಲಿಕೆಗಿಂತ ಸ್ಥಾನನಿರ್ದೇಶವೇ ಮುಖ್ಯ. ನಮ್ಮ 'ಅಣ್ಣ' ಎಂಬ ಒಂದೇ ಮಾತು ಅದನ್ನು ಪೂರ್ತಿಯಾಗಿ ಹೇಳಿಬಿಡುತ್ತದೆ. ಇಬ್ಬರಲ್ಲಿ ಹಿರಿಯನಾರೆಂದು ತೋರಿಸುವಲ್ಲಿಯೂ, ತಂದೆಮಕ್ಕಳಿಗೆ ಒಂದೇ ಹೆಸರಿದ್ದಾಗ ತಂದೆಯನ್ನು ಸೂಚಿಸುವಲ್ಲಿಯೂ ಇದು ಸಲ್ಲುತ್ತದೆ. 'ದ್ಯಾನ್' ಮಾತ್ರ ಇದರ ಹಿಂದೆ ಬರಲಾರದು. ಸಂಸ್ಕೃತದ 'ಜ್ಯೇಷ್ಠ' ಶಬ್ದವು ರೂಪದಲ್ಲಿ ತಮಭಾವದ್ದಾದರೂ ಕನ್ನಡದಲ್ಲಿ ಅದು ಯಾರಿಗೂ ತೋರದಿರುವುದನ್ನು ಇಲ್ಲಿ ನೆನೆಯಬಹುದು.

'ಎಲ್ಡರ್ ಟು' ಎಂಬುದರ ಮೂಲ ಬೇರೆ ಎಂದು ನಮಗೆ ತೋರುತ್ತದೆ. ಲ್ಯಾಟಿನ್ನಿನಿಂದ ಬಂದ 'ಸೀನಿಯರ್' ಕೂಡ ತರರೂಪವೇ. ಆದರೆ ಅದು 'ಟು' ಎಂಬುದನ್ನು ಬೇಡುತ್ತದೆ. ಕನ್ನಡದ 'ಹಿರಿಯ' ಎರಡಕ್ಕೂ ಪರ್ಯಾಯವಾದ್ದರಿಂದ ಒಂದರ ಅನ್ವಯ ಇನ್ನೊಂದಕ್ಕೆ ಹರಿದಿದೆ. ಇದನ್ನು ಬರಿಯ ಅಜಾಗರೂಕತೆಯೆಂದು ಗದರುವುದು ನ್ಯಾಯವಲ್ಲ.

'ಎಲ್ಡರ್ಲಿ' ಎಂಬುದು ಇದರಿಂದಲೇ ಹುಟ್ಟಿದ್ದು. ಮುಪ್ಪಿನತ್ತ ಸಾಗಿದವರೆಂಬ ಮೆದುವಾದ ಅರ್ಥ ಅದಕ್ಕಿತ್ತು. ಇಂಥದೇ ಇನ್ನೊಂದು ವಿಚಿತ್ರವೆಂದರೆ, ಹೋಲಿಕೆಯಿಲ್ಲದೆ ಬಳಸಿದಾಗ 'ಆನ್ ಓಲ್ಡರ್ ಮ್ಯಾನ್' ಎಂಬುವನು 'ಆನ್ ಓಲ್ಡ್ ಮ್ಯಾನ್' ಎಂಬುವನಿಗಿಂತ ಕಿರಿಯ! ಆದರೆ ಮೆದುಮಾತೂ ಕಾಲಕ್ರಮದಲ್ಲಿ ಒರಟಾಗುತ್ತದೆ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ವಿಶ್ವಸಂಸ್ಥೆಯ ಸಮಿತಿಯು 1995ರಲ್ಲಿ 'ಓಲ್ಡರ್ ಪರ್ಸನ್ಸ್' ಎಂಬುದನ್ನೇ ಆಯ್ದುಕೊಂಡಿತು. ಭಾರತದ 2007ರ ಕಾನೂನು 60 ವರ್ಷ ತುಂಬಿದವರನ್ನು 'ಸೀನಿಯರ್ ಸಿಟಿಜನ್' ಎಂದಿತು. ಕನ್ನಡದಲ್ಲಿ ಅವರು 'ಹಿರಿಯ ನಾಗರಿಕ'ರು. 'ಎಲ್ಡರ್ಲಿ' ಎಂಬುದನ್ನು 'ಮುದಿ' ಎಂದು ಅನುವಾದಿಸುವವರು ಇದನ್ನು ಗಮನಿಸಬೇಕು.