ಆಟದ ನಕ್ಷೆಗೆ ಆರು ಬದಿಯ ಮನೆ ಏಕೆ? ಪನ್ಹಾಳ–ವಿಶಾಳಗಡ ದಾರಿಯ ಲೆಕ್ಕ

ಕೊಲ್ಹಾಪುರ: ಯುದ್ಧತಂತ್ರದ ಕಂಪ್ಯೂಟರ್ ಆಟಗಳಲ್ಲಿ ನಕ್ಷೆ ಎಷ್ಟೋ ಸಲ ಜೇನುಗೂಡಿನಂತೆ ಆರು ಬದಿಯ ಮನೆಗಳಾಗಿ ಕಾಣುತ್ತದೆ. ಚದುರಂಗದ ಹಾಗೆ ಚೌಕ ಮನೆ ಏಕಿಲ್ಲ? ಇದನ್ನು ನಮ್ಮ ಜಿಲ್ಲೆಯ ಇತಿಹಾಸದಿಂದಲೇ ತಿಳಿಯಬಹುದು.

ಚೌಕ ಮನೆಯಲ್ಲಿ ನೇರ ನಡೆಯ ದೂರ 1 ಆದರೆ ಓರೆ ನಡೆಯದು 1.41. ಎರಡನ್ನೂ ಒಂದೇ ನಡೆ ಎಂದು ಎಣಿಸಿದರೆ ಓರೆಯಾಗಿ ಹೋಗುವ ದಂಡು 10 ನಡೆಯಲ್ಲಿ 14 ಮನೆಯಷ್ಟು ದೂರ ಸಾಗುತ್ತದೆ. ಇದು ಪುಕ್ಕಟೆ ಲಾಭ. ಆರು ಬದಿಯ ಮನೆಯಲ್ಲಿ ಸುತ್ತಲಿನ ಆರೂ ಮನೆಗಳು ಒಂದೇ ದೂರದಲ್ಲಿರುತ್ತವೆ. ಅಮೆರಿಕದ ಅವಲಾನ್ ಹಿಲ್ ಕಂಪನಿ 1961ರಲ್ಲಿ ‘ಗೆಟಿಸ್‌ಬರ್ಗ್’ ಆಟಕ್ಕೆ ಇದನ್ನು ಅಳವಡಿಸಿತು. ‘ಸಿವಿಲೈಸೇಶನ್’ ಕಂಪ್ಯೂಟರ್ ಆಟ 2010ರ ಐದನೆಯ ಆವೃತ್ತಿಯಲ್ಲಿ ಚೌಕ ಬಿಟ್ಟು ಇದಕ್ಕೆ ಬಂತು.

ಇನ್ನು ನಡೆಯ ವೆಚ್ಚ. 1660ರ ಜುಲೈ ತಿಂಗಳ ಮಳೆಯಲ್ಲಿ ಶಿವಾಜಿ ಮಹಾರಾಜರು ಸಿದ್ದಿ ಜೌಹರ್‌ನ ಮುತ್ತಿಗೆ ತಪ್ಪಿಸಿಕೊಂಡು ರಾತ್ರಿ ಪನ್ಹಾಳದಿಂದ ವಿಶಾಳಗಡಕ್ಕೆ ಹೊರಟರು. ದೂರ ಸುಮಾರು 60 ಕಿ.ಮೀ. ಒಂದು ಮನೆಗೆ 5 ಕಿ.ಮೀ. ಹಿಡಿದರೆ 12 ಮನೆ. ಬಯಲಿಗೆ 1 ಅಂಕ, ಕಾಡುಗುಡ್ಡಕ್ಕೆ 2 ಅಂಕ ಎಂದಿಟ್ಟುಕೊಳ್ಳಿ. ಅರ್ಧ ದಾರಿ ಕಾಡಾದರೆ ವೆಚ್ಚ 12 ಅಲ್ಲ, 18.

ಆದರೆ ಬೆನ್ನಟ್ಟುವವರಿಗೂ ವೆಚ್ಚ ಅಷ್ಟೇ. ಅವರ ಕುದುರೆಗಳು ಅಂತರ ಕಡಿಮೆ ಮಾಡುತ್ತವೆ. ಆಗ ಉಳಿಯುವುದು ಒಂದೇ ಉಪಾಯ: ಅವರನ್ನು ದಾರಿಯಲ್ಲೇ ತಡೆಯುವುದು. ಅನೇಕ ಆಟಗಳಲ್ಲಿ ಒಂದು ದಂಡಿನ ಪಕ್ಕದ ಮನೆಗೆ ಕಾಲಿಟ್ಟ ವೈರಿ ಅಲ್ಲೇ ನಿಲ್ಲಬೇಕು. ಬಯಲಿನಲ್ಲಾದರೆ ವೈರಿ ದೂರದಿಂದ ಸುತ್ತಿ ಹೋಗಬಹುದು. ಎರಡೂ ಕಡೆ ಗುಡ್ಡವಿದ್ದು ನಡುವೆ ಒಂದೇ ಮನೆ ತೆರೆದಿದ್ದರೆ ಸುತ್ತುವ ದಾರಿಯೇ ಇಲ್ಲ.

ಘೋಡಖಿಂಡ ಅಂಥ ಮನೆ. ಬಾಜಿಪ್ರಭು ದೇಶಪಾಂಡೆ ಕೆಲವು ನೂರು ಬಾಂದಲ ಸೈನಿಕರೊಡನೆ ಅಲ್ಲಿ ನಿಂತರು. ವಿಶಾಳಗಡದಿಂದ ತೋಪಿನ ಸದ್ದು ಕೇಳುವವರೆಗೆ ಕಣಿವೆ ಬಿಡಲಿಲ್ಲ ಎಂಬುದು ಪ್ರಸಿದ್ಧ ಕಥೆ. ಅವರು ಅಲ್ಲೇ ಪ್ರಾಣ ಬಿಟ್ಟರು. ಆ ಕಣಿವೆಗೆ ಮುಂದೆ ಪಾವನಖಿಂಡ ಎಂಬ ಹೆಸರು ಬಂತು.

ಇಚಲಕರಂಜಿ, ಗಡಹಿಂಗ್ಲಜದ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಪಂಚಗಂಗೆಯ ಬಯಲಿಗೆ 1, ಸಾಮಾನಗಡದ ಏರಿಗೆ 2 ಎಂದು ಬರೆದು ಕಾಳುಗಳನ್ನು ನಡೆಸಿರಿ. ಎಷ್ಟು ಕಾಳು ಇವೆ ಎನ್ನುವುದಕ್ಕಿಂತ ಎಲ್ಲಿ ನಿಲ್ಲಿಸಿದಿರಿ ಎನ್ನುವುದು ಏಕೆ ದೊಡ್ಡದು ಎಂದು ತಾನಾಗಿ ತಿಳಿಯುತ್ತದೆ.