ಹೆಲ್ಮೆಟ್ ಇವತ್ತಿನ ತಲೆಗೆ ಇರಲಿ

ಹಬ್ಬಕ್ಕೆ ಲಂಗ ಹೊಲಿಸುವಾಗ ಎರಡಿಂಚು ಒಳಗೆ ಮಡಿಸಿಡುವುದು ನಮ್ಮ ಮನೆಗಳ ಪದ್ಧತಿ. ಶಾಲೆಯ ಶೂ ಕೂಡ ಒಂದು ನಂಬರ್ ದೊಡ್ಡದು. ಬೆಳೆಯೋ ಮಕ್ಕಳು, ಮುಂದಿನ ವರ್ಷಕ್ಕೂ ಆಗಲಿ ಎಂಬ ಲೆಕ್ಕ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ಈ ಲೆಕ್ಕ ಅಪಾಯಕಾರಿ.

ನನ್ನ ಕೆಲಸ ವಿಶಾಖಪಟ್ಟಣದ ಋಷಿಕೊಂಡದಲ್ಲಿ, ಹೆಂಡತಿಯದು ವಿಜಯವಾಡದಲ್ಲಿ. ನಡುವೆ ರೈಲಿನಲ್ಲಿ ಸುಮಾರು 350 ಕಿ.ಮೀ. ಐದು ವರ್ಷದ ಮಗಳು ಅಮ್ಮನ ಜೊತೆಗಿದ್ದಾಳೆ. ಎರಡೂ ಊರಲ್ಲಿ ಒಂದೊಂದು ಸ್ಕೂಟರ್ ಇದೆ. ವಿಜಯವಾಡದ ಬೆಂಜ್ ಸರ್ಕಲ್ ಸಿಗ್ನಲ್‌ನಲ್ಲಿ ಕಾಣುವುದು ನಮ್ಮ ಬೆಂಗಳೂರಿನ ನೋಟವೇ: ಅಪ್ಪನ ತಲೆಗೆ ಹೆಲ್ಮೆಟ್, ಮಗುವಿನ ತಲೆಗೆ ಬರೀ ಟೋಪಿ. ಕೆಲವು ಮಕ್ಕಳ ತಲೆ ಮೇಲೆ ದೊಡ್ಡವರ ಹೆಲ್ಮೆಟ್ ಬುಟ್ಟಿಯಂತೆ ತಿರುಗುತ್ತಿರುತ್ತದೆ.

ಕಾನೂನು ಸ್ಪಷ್ಟವಾಗಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ, ಹಿಂದೆ ಕೂತವರಿಗೂ, ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ 2022ರ ಫೆಬ್ರುವರಿಯಲ್ಲಿ ಬೇರೆ ನಿಯಮ ಬಂತು: ತಲೆಗೆ ಸರಿಹೊಂದುವ ಹೆಲ್ಮೆಟ್, ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷತಾ ಬೆಲ್ಟು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಅದು ಒಂದು ವರ್ಷದ ನಂತರ ಜಾರಿಯಾಯಿತು. 'ಸರಿಹೊಂದುವ' ಎಂಬ ಆ ಒಂದು ಪದದಲ್ಲೇ ಎಲ್ಲ ಇದೆ.

ಅಂಗಡಿಯಲ್ಲಿ ಮೊದಲು ಕೇಳುವ ಮಾತು, 'ಪೆದ್ದ ಸೈಜು ತೀಸ್ಕೋಂಡಿ ಸಾರ್, ರೆಂಡೇಳ್ಳು ವಸ್ತುಂದಿ.' ದೊಡ್ಡದು ತಗೊಳ್ಳಿ, ಎರಡು ವರ್ಷ ಬರುತ್ತೆ ಅಂತ. ಹೆಲ್ಮೆಟ್ಟಿನೊಳಗೆ ಥರ್ಮೋಕೋಲ್‌ನಂಥ ಒಂದು ಪದರವಿದೆ. ಪೆಟ್ಟು ಬಿದ್ದಾಗ ಅದು ತಾನು ಕುಗ್ಗಿ, ತಲೆಗೆ ತಲುಪುವ ಆಘಾತವನ್ನು ತಗ್ಗಿಸುತ್ತದೆ. ತಲೆಗೂ ಪದರಕ್ಕೂ ನಡುವೆ ಜಾಗವಿದ್ದರೆ ಬಿದ್ದ ಕ್ಷಣದಲ್ಲಿ ಹೆಲ್ಮೆಟ್ ಜಾರುತ್ತದೆ, ಕಳಚಿಯೂ ಹೋಗಬಹುದು. ಸಡಿಲವೆಂದು ಒಳಗೆ ಸ್ಪಂಜು ತುರುಕಿದರೆ ಅದು ಸರಿಹೋಗುವುದಿಲ್ಲ. ಕುಗ್ಗಿದ ಪದರ ಮತ್ತೆ ಮೊದಲಿನಂತಾಗುವುದೂ ಇಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಲೇಬೇಕು. ಅಣ್ಣನದನ್ನು ತಂಗಿಗೆ ದಾಟಿಸುವ ಮುನ್ನ ಇದು ನೆನಪಿರಲಿ.

ಆರಿಸುವುದು ಕಷ್ಟವಲ್ಲ. ಹುಬ್ಬಿನಿಂದ ಒಂದೆರಡು ಬೆರಳು ಮೇಲೆ, ಹಿಂದೆ ತಲೆ ಉಬ್ಬಿರುವ ಕಡೆ ಹಾಯುವಂತೆ ಟೈಲರ್ ಟೇಪು ಸುತ್ತಿ ಅಳತೆ ತೆಗೆದುಕೊಳ್ಳಿ. ವಯಸ್ಸು ನೋಡಿ ಕೊಳ್ಳಬೇಡಿ, ಸೆಂಟಿಮೀಟರ್ ನೋಡಿ. ಮಗುವನ್ನು ಅಂಗಡಿಗೇ ಕರೆದೊಯ್ಯಿರಿ. ಎತ್ತರದ ಜುಟ್ಟು, ದಪ್ಪ ಕ್ಲಿಪ್ಪು ತೆಗೆದು ತೊಡಿಸಿ. ಹೆಲ್ಮೆಟ್ ಹಣೆ ಮುಚ್ಚಬೇಕು, ಹಿಂದಕ್ಕೆ ವಾಲಬಾರದು. 'ಇಲ್ಲ' ಎಂಬಂತೆ ತಲೆ ಅಲ್ಲಾಡಿಸಲು ಹೇಳಿ: ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಸರಿಯಬೇಕು. ಪಟ್ಟಿ ಹಾಕಿ, ಹಿಂಬದಿಯ ಅಂಚು ಹಿಡಿದು ಮೆಲ್ಲಗೆ ಮುಂದಕ್ಕೆ ಎತ್ತಿ ನೋಡಿ; ಕಳಚಿ ಬಂದರೆ ಅದು ಬೇಡ. ಗದ್ದದ ಕೆಳಗಿನ ಪಟ್ಟಿಯಲ್ಲಿ ಒಂದೆರಡು ಬೆರಳು ಹೋಗುವಷ್ಟೇ ಸಡಿಲವಿರಲಿ. ಹತ್ತು ನಿಮಿಷ ಹಾಗೇ ಬಿಟ್ಟು ತೆಗೆದಾಗ ಒಂದೇ ಜಾಗದಲ್ಲಿ ಕೆಂಪು ಗುರುತು ಎದ್ದರೆ ಆ ಅಚ್ಚು ಆ ತಲೆಗೆ ಹೊಂದುವುದಿಲ್ಲ, ಬೇರೆ ಕಂಪನಿಯದು ನೋಡಿ.

ಐಎಸ್‌ಐ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು. 2021ರ ಜೂನ್ 1ರಿಂದ ಈ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ. ವಿಜಯವಾಡದ ಬಿಸಿಲು, ವಿಶಾಖಪಟ್ಟಣದ ಬೆವರು ಎರಡಕ್ಕೂ ಗಾಳಿಕಿಂಡಿ ಇರುವ ಹಗುರವಾದದ್ದೇ ಒಳ್ಳೆಯದು. ಸೆಕೆಯೆಂದು ಮಗು ಕಿತ್ತೆಸೆದರೆ ಯಾವ ಹೆಲ್ಮೆಟ್ಟೂ ಪ್ರಯೋಜನಕ್ಕಿಲ್ಲ.

ಮಗಳ ಹೆಲ್ಮೆಟ್ ಈಗ ರೈಲಿನಲ್ಲಿ ಅವಳ ಜೊತೆಗೇ ಓಡಾಡುತ್ತದೆ. ರಜೆಗೆ ಊರಿಗೆ ಹೊರಟಾಗಲೂ ಬ್ಯಾಗಿನಲ್ಲಿ ಅದಕ್ಕೊಂದು ಜಾಗ. ಹೊರರಾಜ್ಯದಲ್ಲಿರುವ ನಾವು ದಂಡಕ್ಕೆ ಹೆದರಿಯಾದರೂ ಶಿಸ್ತು ಕಲಿತಿರುತ್ತೇವೆ. ಊರಲ್ಲಿ ಅಜ್ಜ, 'ಇಲ್ಲೇ ಸಂತೆವರೆಗೆ ತಾನೆ' ಎಂದು ಮೊಮ್ಮಗಳನ್ನು ಸ್ಕೂಟರ್ ಹತ್ತಿಸಿಕೊಳ್ಳುತ್ತಾರೆ. ಅವರಿಗೆ ಎದುರು ಮಾತಾಡುವ ಬದಲು ಹೆಲ್ಮೆಟ್ಟನ್ನು ಅವರ ಕೈಗೇ ಕೊಟ್ಟು, 'ಪಟ್ಟಿ ನೀವೇ ಹಾಕಿ ಅಪ್ಪಾ' ಎನ್ನಿ. ಮೊಮ್ಮಗಳ ಗದ್ದದ ಕೆಳಗೆ ಬೆರಳಿಟ್ಟು ಅಳತೆ ನೋಡುವುದನ್ನು ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ.